ನೆತ್ತರುಗೊಡಗೆಯಿಂದ ನಷ್ಟಪರಿಹಾರಕ್ಕೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲೊಂದು ಶಾಸನಗಳನ್ನು ಓದುವ ನಮ್ಮಂಥವರಿಗೆಲ್ಲ ಚಿರಪರಿಚಿತವಾದದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ, ಸುಮಾರು ಕ್ರಿ.ಶ. 950. ಯುದ್ಧದಲ್ಲಿ ಮೆರೆದ ಮಣಲೆರನೆಂಬ ಭಟನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಆತ ಕೇಳಿದ್ದು 'ಕಾಳಿ' ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಸತ್ತ ನಾಯಿಗಾಗಿ ಕಲ್ಲು ನಿಂತಿತು, ಭೂಮಿಯನ್ನು ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಆ ಭೂಮಿಯ ಅನ್ನವುಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟಲೆಂದು ಬರೆದೂ ಇಟ್ಟರು.

ಈ ಕಲ್ಲನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಭಾಷೆಗಾಗಿ, ಛಂದಸ್ಸಿಗಾಗಿ, ಕಾಲನಿರ್ಣಯಕ್ಕಾಗಿ ಹೇಳಿದ್ದೇನೆ. ನಿವೃತ್ತನಾದ ಮೇಲೆ, ಪಾಠ ಹೇಳಬೇಕಾದ ಹೊಣೆ ಹೆಗಲಿನಿಂದ ಇಳಿದ ಮೇಲೆ, ಅದೇ ಕಲ್ಲು ಬೇರೊಂದು ಪ್ರಶ್ನೆಯನ್ನು ನನ್ನ ಮುಂದಿಟ್ಟಿತು. ಒಡೆಯನ ಕೆಲಸದಲ್ಲಿ ಸತ್ತ ಜೀವಕ್ಕೆ ಒಡೆಯನು ಏನನ್ನು ಕೊಡಬೇಕು? ಆ ಕೊಡುವಿಕೆ ದಾನವೋ, ಋಣವೋ?

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಹಳೆಯ ಶಬ್ದಗಳೇ ಉಂಟು. ಊರನ್ನು, ಊರ ತುರುಗಳನ್ನು ಕಾಯುತ್ತ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ 'ನೆತ್ತರುಗೊಡಗೆ' ಎಂದರು. ವೀರಗಲ್ಲಿನೊಡನೆ ಕೊಟ್ಟ ನೆಲ 'ಕಲ್ನಾಡು'. ಪರಾಕ್ರಮ ಮೆರೆದವನ ಕತ್ತಿಯನ್ನು ತೊಳೆದು ಕೊಟ್ಟದ್ದು 'ಬಾಳ್ಗಳ್ಚು'. ಈ ಮಾತುಗಳಲ್ಲಿ ಮುಚ್ಚುಮರೆ ಇಲ್ಲ. ನೆತ್ತರಿಗೆ ನೆಲ. ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆದು ಊರ ಮುಂದೆ ನಿಲ್ಲಿಸಿದ್ದರಿಂದ, ಮುಂದಿನ ಗೌಡನೋ ಶ್ಯಾನುಭೋಗನೋ ಅದನ್ನು ಲೆಕ್ಕದಿಂದ ಜಾರಿಸುವುದು ಸುಲಭವಿರಲಿಲ್ಲ.

ಆದರೆ ಊರಿನ ಕೆಲಸದಲ್ಲಿ ಸಾಯುವವರೆಲ್ಲರೂ ಕತ್ತಿ ಹಿಡಿದು ಸಾಯುವುದಿಲ್ಲವಷ್ಟೆ. ಊರಿಗೆ ಹನ್ನೆರಡು ಮಂದಿ ಆಯಗಾರರು ಇರುತ್ತಿದ್ದರು. ಕಣದಲ್ಲಿ ರಾಶಿಯಿಂದ ಅವರವರ ಪಾಲಿನ ಆಯ ಸಲ್ಲುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಇವರೇ ನಮ್ಮ ಮೊದಲ ಸ್ಥಳೀಯ ಸಂಸ್ಥೆಯ ನೌಕರರು. ಅವರಲ್ಲಿ ತಳವಾರನಿದ್ದ, ತೋಟಿಯಿದ್ದ, ಕೆರೆಯ ತೂಬು ಎತ್ತಿ ನೀರು ಹಂಚುವ ನೀರಗಂಟಿಯಿದ್ದ. ಮಳೆಗಾಲದ ಕತ್ತಲೆಯಲ್ಲಿ ತೂಬಿನೊಳಕ್ಕೆ ಇಳಿಯುವುದು ಯುದ್ಧಕ್ಕಿಂತ ಕಡಮೆಯ ಅಪಾಯವಲ್ಲ. ಕಳ್ಳರೊಡನೆ ಕಾದು ಸತ್ತ ತಳವಾರನ ಕಲ್ಲನ್ನು ನಾನು ಕಂಡಿದ್ದೇನೆ. ತೂಬಿನಲ್ಲಿ ಸಿಕ್ಕಿ ಸತ್ತ ನೀರಗಂಟಿಯ ಕಲ್ಲನ್ನು ಈವರೆಗೆ ಕಂಡಿಲ್ಲ. ಹಳ್ಳಿಹಳ್ಳಿ ಸುತ್ತಿದವರು ಯಾರಾದರೂ ಕಂಡಿದ್ದರೆ ತಿಳಿಸಲಿ. ಸಂತೋಷದಿಂದ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಇನ್ನು ಪಟ್ಟಣಗಳ ಕಾಲ. 1862ರಲ್ಲಿ ಬೆಂಗಳೂರಿನ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭಾ ಮಂಡಲಿಗಳು ಬಂದವು. 1898ರಲ್ಲಿ ಪ್ಲೇಗು ಬಂತು. ಪ್ಲೇಗಿನ ಕಥೆಯನ್ನು ನಾವು ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳ ಕಥೆಯಾಗಿ ಹೇಳಿಕೊಳ್ಳುವುದು ರೂಢಿ. ಆ ಬೀದಿಗಳನ್ನು ದಿನವೂ ಗುಡಿಸಿದವರು, ಮನೆಯ ಹಿಂದಿನ ಸಣ್ಣ ಕಿಂಡಿಯಿಂದ ಮಲವನ್ನು ಬಳಿದು ಬುಟ್ಟಿಯಲ್ಲಿ ಹೊತ್ತವರು, ಪ್ಲೇಗಿನ ಹೆಣಗಳನ್ನು ಸಾಗಿಸಿದವರು ಆ ಕಥೆಯಲ್ಲಿ ಬರುವುದಿಲ್ಲ. ಸಾಹಿತ್ಯ ಮಾತ್ರ ಅವರತ್ತ ಕಣ್ಣು ಹಾಯಿಸಿತು. ಕುವೆಂಪು ಅವರ 'ಜಲಗಾರ' ನಾಟಕ ಬಂದದ್ದು 1928ರಲ್ಲಿ. ಅಲ್ಲಿ ಶಿವನೇ ಜಗದ ಜಲಗಾರನಾಗಿ ಬೀದಿ ಗುಡಿಸುವವನ ಎದುರಿಗೆ ಬಂದು ನಿಲ್ಲುತ್ತಾನೆ. ತಕಳಿ ಶಿವಶಂಕರ ಪಿಳ್ಳೆಯವರ ಮಲಯಾಳದ ಕಾದಂಬರಿ 'ತೋಟಿಯ ಮಗ' ಬಂದದ್ದು 1947ರಲ್ಲಿ. ಅದು ಆಲಪ್ಪುಳದ ಪುರಸಭೆಯ ತೋಟಿಗಳ ಮೂರು ತಲೆಮಾರಿನ ಕಥೆ. ಕಾಲರಾ ಬಂದಾಗ ಊರಿನವರು ಬಾಗಿಲು ಹಾಕಿಕೊಳ್ಳಬಹುದು. ತೋಟಿ ಬಾಗಿಲು ಹಾಕಿಕೊಳ್ಳುವಂತಿಲ್ಲ. ಆ ಕಾದಂಬರಿಯ ದುಃಖವೆಲ್ಲ ಈ ಒಂದು ಸಂಗತಿಯಿಂದ ಹರಿದದ್ದು.

ಈಗ ಕಾನೂನಿನ ಕಡೆ ಬರುತ್ತೇನೆ. ಸಾಹಿತ್ಯದವನಿಗೆ ಕಾನೂನಿನ ಉಸಾಬರಿ ಏಕೆಂದು ಯಾರಾದರೂ ಕೇಳಬಹುದು. ಉತ್ತರವನ್ನು ಕಡೆಯಲ್ಲಿ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ 1837ರಲ್ಲಿ ಒಂದು ಮೊಕದ್ದಮೆ ನಡೆಯಿತು. ಫೌಲರ್ ಎಂಬ ಕಸಾಯಿಯ ಬಳಿ ಪ್ರೀಸ್ಟ್ಲಿ ಎಂಬ ಹುಡುಗ ಕೆಲಸಕ್ಕಿದ್ದ. ಮಿತಿಮೀರಿ ಹೇರಿದ ಬಂಡಿ ಮುರಿದು ಹುಡುಗನ ತೊಡೆ ಮುರಿಯಿತು. ಲಾರ್ಡ್ ಅಬಿಂಜರ್ ಎಂಬ ನ್ಯಾಯಾಧೀಶರು, ಇದಕ್ಕೆ ಯಜಮಾನನನ್ನು ಹೊಣೆ ಮಾಡಿದರೆ ಮುಂದೆ ಮನೆಯ ಆಳುಕಾಳುಗಳೆಲ್ಲ ಯಜಮಾನರ ಮೇಲೆ ದಾವೆ ಹೂಡುತ್ತಾರೆಂದು ಹೆದರಿದರು. ಆ ಒಂದು ಹೆದರಿಕೆಯಿಂದ ಹುಟ್ಟಿದ ಸಿದ್ಧಾಂತ ಬಹುಕಾಲ ಕಾರ್ಮಿಕರ ಕೊರಳಿಗೆ ಉರುಳಾಯಿತು: ಜೊತೆಗಾರನ ತಪ್ಪಿನಿಂದ ಪೆಟ್ಟಾದರೆ ಧಣಿ ಹೊಣೆಯಲ್ಲ; ಅಪಾಯವನ್ನು ತಿಳಿದೇ ಕೆಲಸಕ್ಕೆ ಸೇರಿದವನು ಅದನ್ನು ಒಪ್ಪಿಕೊಂಡಂತೆ. 1880ರಲ್ಲಿ ಒಂದು ಶಾಸನ ಬಂದು ಉರುಳು ಸ್ವಲ್ಪ ಸಡಿಲವಾಯಿತು. 1884ರಲ್ಲಿ ಬಿಸ್ಮಾರ್ಕನ ಜರ್ಮನಿ ಅಪಘಾತ ವಿಮೆಯನ್ನು ತಂದಿತು. 1897ರ ಇಂಗ್ಲಿಷ್ ಕಾಯಿದೆ ಯಾರ ತಪ್ಪೆಂಬ ಪ್ರಶ್ನೆಯನ್ನೇ ಬದಿಗೆ ಸರಿಸಿ, ಕೆಲಸದಲ್ಲಿ ಆದ ಪೆಟ್ಟಿಗೆ ಕೆಲಸ ಕೊಟ್ಟವನು ತೆರಬೇಕು ಎಂದಿತು. ಆತಕೂರಿನ ಕಲ್ಲಿಗೆ ಇದು ಹೊಸ ಮಾತೇನೂ ಅಲ್ಲ. ಹಂದಿಯನ್ನು ಕೆಣಕಿದ್ದು ಯಾರೆಂದು ಅಲ್ಲಿ ಯಾರೂ ವಿಚಾರಿಸಲಿಲ್ಲ.

ಭಾರತದಲ್ಲಿ ಅಂಥ ಕಾಯಿದೆ ಆದದ್ದು 1923ರಲ್ಲಿ. ಜಾರಿಗೆ ಬಂದದ್ದು 1924ರ ಜುಲೈ 1ರಂದು. ಬ್ರಿಟಿಷ್ ಭಾರತಕ್ಕೆ ಸಂಬಂಧಿಸಿದ ಕಾಯಿದೆಯಾದ್ದರಿಂದ ಅಂದು ಹುಬ್ಬಳ್ಳಿ, ಮಂಗಳೂರುಗಳು ಅದರ ಒಳಗಿದ್ದವು. ಮೈಸೂರು ಸಂಸ್ಥಾನ ಹೊರಗಿತ್ತು. ಒಂದೇ ಭಾಷೆಯಾಡುವ ಇಬ್ಬರು ಕೂಲಿಯವರ ಮುರಿದ ಕೈಗೆ ಎರಡು ನ್ಯಾಯ! ಏಕೀಕರಣವನ್ನು ನಾವು ಭಾಷೆಯ ಕಾರಣಕ್ಕಾಗಿಯೇ ಕೊಂಡಾಡುತ್ತೇವೆ. ಇಂಥ ಕಾರಣಗಳಿಗೂ ಕೊಂಡಾಡಬಹುದಿತ್ತು.

ಆ ಮೊದಲ ಕಾಯಿದೆ ಕೊಟ್ಟದ್ದು ಅಲ್ಪ. ಸತ್ತವನಿಗೆ ಮೂವತ್ತು ತಿಂಗಳ ಸಂಬಳ ಅಥವಾ 2500 ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು. ಶಾಶ್ವತವಾಗಿ ಪೂರ್ಣ ಅಂಗವಿಕಲನಾದವನಿಗೆ 42 ತಿಂಗಳ ಸಂಬಳ ಅಥವಾ 3500 ರೂಪಾಯಿ. ಸತ್ತದ್ದು ಹುಡುಗನಾದರೆ 200 ರೂಪಾಯಿ. ಹತ್ತು ದಿನಗಳೊಳಗೆ ಮಾಯುವ ಗಾಯಕ್ಕೆ ಏನೂ ಇಲ್ಲ. ಹತ್ತು ದಿನದ ಈ ಮಿತಿ 1933ರಲ್ಲಿ ಏಳಕ್ಕೆ, 1959ರಲ್ಲಿ ಮೂರಕ್ಕೆ ಇಳಿಯಿತು. ಸಾಯುವವರು ಹೆಚ್ಚಾಗಿ ಬಡವರೇ ಆದ್ದರಿಂದ, 'ಯಾವುದು ಕಡಮೆಯೋ ಅದು' ಎಂಬ ಮಾತು ಎತ್ತ ವಾಲುತ್ತದೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಕಾಯಿದೆಯ ಅನುಬಂಧಗಳನ್ನು ನಾನು ಕಾವ್ಯದಂತೆ ಓದಿದ್ದೇನೆಂದರೆ ನೀವು ನಗಬೇಡಿ. ಮೊದಲ ಅನುಬಂಧದಲ್ಲಿ ಮನುಷ್ಯನ ದೇಹವನ್ನು ಬೆಲೆ ಕಟ್ಟಿ ಹರಡಿದ್ದಾರೆ. ಈಚಿನ ರೂಪದಲ್ಲಿ ಎರಡು ಕೈಗಳಿಗೆ ನೂರಕ್ಕೆ ನೂರು. ಸಂಪೂರ್ಣ ಕಿವುಡಿಗೂ ನೂರಕ್ಕೆ ನೂರು. ಒಂದು ಕೈಯ ನಾಲ್ಕು ಬೆರಳುಗಳಿಗೆ ಐವತ್ತು, ಒಂದು ಕಣ್ಣಿಗೆ ನಲವತ್ತು, ಹೆಬ್ಬೆರಳಿಗೆ ಮೂವತ್ತು, ತೋರುಬೆರಳಿಗೆ ಹದಿನಾಲ್ಕು, ನಡುಬೆರಳಿಗೆ ಹನ್ನೆರಡು, ಕಿರುಬೆರಳಿಗೆ ಏಳು. ಏಕಲವ್ಯನು ಕೊಟ್ಟದ್ದು ನೂರಕ್ಕೆ ಮೂವತ್ತು ಎಂದಾಯಿತು. ಬಿಲ್ಲುಗಾರನಿಗೆ ಹೆಬ್ಬೆರಳು ಹೋದರೆ ನೂರಕ್ಕೆ ನೂರೂ ಹೋದಂತೆಯೇ. ಅನುಬಂಧಕ್ಕೆ ಬಿಲ್ಲುಗಾರನೂ ಒಂದೇ, ಪೊರಕೆ ಹಿಡಿಯುವವನೂ ಒಂದೇ. ನಾಲ್ಕನೆಯ ಅನುಬಂಧ ವಯಸ್ಸಿನ ಲೆಕ್ಕದ್ದು. 1984ರ ತಿದ್ದುಪಡಿಯಿಂದ ಮುಂದೆ, ಸಂಬಳದ ಒಂದು ಪಾಲನ್ನು ವಯಸ್ಸಿಗೆ ತಕ್ಕ ಅಂಕದಿಂದ ಗುಣಿಸುವ ಕ್ರಮ ಬಂತು. ಹದಿನಾರು ತುಂಬದವನ ಅಂಕ 228.54, ಅರುವತ್ತೈದು ದಾಟಿದವನದು 99.37. ಕಡಮೆಯಾದದ್ದನ್ನೇ ಕೊಡುವ ಪದ್ಧತಿ ಹೋಗಿ, ಇದಕ್ಕಿಂತ ಕಡಮೆ ಕೊಡಬಾರದು ಎಂಬ ಪದ್ಧತಿ ನೆಲೆಸಿತು. ಇದು ಸಣ್ಣ ಬದಲಾವಣೆಯಲ್ಲ.

ಎರಡನೆಯ ಅನುಬಂಧದ್ದು ಇನ್ನೂ ವಿಚಿತ್ರ. ಯಾರನ್ನು ಕಾರ್ಮಿಕನೆಂದು ಕರೆಯಬೇಕೆಂಬ ಪಟ್ಟಿ ಅದು. ಬೆಂಕಿ ಆರಿಸುವ ದಳದವರು ಅಲ್ಲಿದ್ದಾರೆ. ಚರಂಡಿಯ ಕೊಳವೆ ಕಟ್ಟುವವರು, ದುರಸ್ತಿ ಮಾಡುವವರು ಇದ್ದಾರೆ. ಆನೆಯನ್ನು ಪಳಗಿಸುವವರು ಇದ್ದಾರೆ. ಪಟ್ಟಿಯಲ್ಲಿ ಇದ್ದವನು ಸತ್ತರೆ ಕಾರ್ಮಿಕ ಸತ್ತಂತೆ. ಇಲ್ಲದವನು ಸತ್ತರೆ ಬರಿಯ ಮನುಷ್ಯ ಸತ್ತಂತೆ. ಸ್ಥಳೀಯ ಸಂಸ್ಥೆಯ ಎಲ್ಲೆಯೊಳಗೆ ಚರಂಡಿ ಕೊಳವೆಗಳನ್ನೂ ಮಲದ ಗುಂಡಿಗಳನ್ನೂ ಶುಚಿಮಾಡುವವರು ಆ ಪಟ್ಟಿಗೆ ಹೆಸರು ಹಿಡಿದು ಸೇರಿದ್ದು ಬಹಳ ತಡವಾಗಿ.

ಆದರೂ ಆ ಕಾಯಿದೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದು ವಾಕ್ಯವಿದೆ. ಅದು ಎರಡನೆಯ ಪ್ರಕರಣದ ಎರಡನೆಯ ಉಪಪ್ರಕರಣ. ಕಾಯಿದೆಯ ಮುಖ್ಯ ಮಾತು ಧಣಿಯ 'ವ್ಯಾಪಾರ ಅಥವಾ ವ್ಯವಹಾರ'ಕ್ಕೆ ಸಂಬಂಧಿಸಿದ್ದು. ಆಗಾಗ ಕರೆಸಿದ ಕೂಲಿ, ಆತನ ಕೆಲಸ ಧಣಿಯ ವ್ಯಾಪಾರಕ್ಕೆ ಸೇರದಿದ್ದರೆ, ಹೊರಗುಳಿಯುತ್ತಿದ್ದ. ಹಾಗಾದರೆ ಪುರಸಭೆಗೆ ಯಾವ ವ್ಯಾಪಾರ? ಅದು ಏನನ್ನೂ ಮಾರುವುದಿಲ್ಲ; ಲಾಭ ಗಳಿಸುವುದಿಲ್ಲ. ನಮಗೆ ವ್ಯಾಪಾರವಿಲ್ಲ, ಆದ್ದರಿಂದ ನಮಗೆ ಹೊಣೆಯಿಲ್ಲ ಎಂದು ಪುರಸಭೆಯ ವಕೀಲ ಸುಲಭವಾಗಿ ವಾದಿಸಬಹುದಿತ್ತು. ಆ ಬಾಗಿಲನ್ನು ಈ ವಾಕ್ಯ ಮುಚ್ಚಿತು. ಸ್ಥಳೀಯ ಸಂಸ್ಥೆಯ ಅಧಿಕಾರಗಳ ಚಲಾವಣೆಯನ್ನೂ ಕರ್ತವ್ಯಗಳ ನಿರ್ವಹಣೆಯನ್ನೂ, ವಿರುದ್ಧವಾದ ಉದ್ದೇಶ ಕಾಣದಿದ್ದರೆ, ಅದರ ವ್ಯಾಪಾರವೆಂದೇ ಭಾವಿಸತಕ್ಕದ್ದು ಎಂದಿತು. 'ಭಾವಿಸತಕ್ಕದ್ದು'! ಅಲಂಕಾರಶಾಸ್ತ್ರ ಓದಿದ ನನಗೆ ಇದು ರೂಪಕವಾಗಿ ಕಂಡಿತು. ಮುಖವನ್ನು ಚಂದ್ರನೆಂದು ಭಾವಿಸುವ ಹಾಗೆ ಬೀದಿ ಗುಡಿಸುವುದನ್ನು ವ್ಯಾಪಾರವೆಂದು ಭಾವಿಸುವುದು. ಕವಿಯ ರೂಪಕದಿಂದ ರಸಿಕನಿಗೆ ಸಂತೋಷವಾದೀತು. ಈ ರೂಪಕದಿಂದ ಒಬ್ಬ ವಿಧವೆಗೆ ಅನ್ನವಾದೀತು.

ಇದರ ಪಕ್ಕದಲ್ಲಿ ಹನ್ನೆರಡನೆಯ ಪ್ರಕರಣವನ್ನು ಇಟ್ಟು ಓದಬೇಕು. ತನ್ನ ವ್ಯಾಪಾರಕ್ಕೆ ಸಹಜವಾಗಿ ಸೇರಿದ ಕೆಲಸವನ್ನು ಒಬ್ಬನು ಗುತ್ತಿಗೆಗೆ ಕೊಟ್ಟರೂ, ಗುತ್ತಿಗೆದಾರನ ಆಳಿಗೆ ಆದ ಪೆಟ್ಟಿಗೆ ಅವನೇ ಹೊಣೆ. ಕೊಟ್ಟ ಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಎರಡನ್ನೂ ಕೂಡಿಸಿದರೆ, ಊರಿನ ಚರಂಡಿಯನ್ನು ಗುತ್ತಿಗೆಗೆ ಬಿಟ್ಟ ಪುರಸಭೆ ಕೈ ತೊಳೆದುಕೊಳ್ಳುವಂತಿಲ್ಲ ಎಂಬ ಅರ್ಥ 1923ರಲ್ಲಿಯೇ ಕಾಯಿದೆಯೊಳಗೆ ಕುಳಿತಿತ್ತು. ಮುಂದೆ ನಮ್ಮ ಪಟ್ಟಣಗಳಲ್ಲಿ ಪೊರಕೆಯ ಕೆಲಸವೆಲ್ಲ ಗುತ್ತಿಗೆಗೆ ಹೋದ ವರ್ಷಗಳಲ್ಲಿ, 'ಆತ ನಮ್ಮ ನೌಕರನಲ್ಲ' ಎಂಬ ಹೇಳಿಕೆಯನ್ನು ನಾನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ಈ ಪ್ರಕರಣ ನೆನಪಾಗುತ್ತಿತ್ತು.

ಮತ್ತೆ ಎರಡು ಪ್ರಕರಣಗಳ ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಎಂಟನೆಯದರಂತೆ, ಸತ್ತವನ ಪರಿಹಾರವನ್ನು ಧಣಿ ನೇರವಾಗಿ ಮನೆಯವರ ಕೈಗೆ ಕೊಟ್ಟರೆ ಅದು ಪರಿಹಾರ ಕೊಟ್ಟಂತೆಯೇ ಅಲ್ಲ. ಕಮಿಷನರ ಬಳಿ ಠೇವಣಿ ಇಡಬೇಕು, ಅವರು ಹಂಚಬೇಕು. ಹೆಬ್ಬೆಟ್ಟಿನವರ ಕೈಗೆ ಹತ್ತು ಕೊಟ್ಟು ನೂರಕ್ಕೆ ಒತ್ತಿಸಿಕೊಳ್ಳುವ ನಮ್ಮ ಹಳೆಯ ವಿದ್ಯೆಯನ್ನು ಕಾಯಿದೆ ಬರೆದವರು ಬಲ್ಲವರಾಗಿದ್ದರು. ಹದಿನೇಳನೆಯದರಂತೆ, ತನಗೆ ಬರಬೇಕಾದ ಪರಿಹಾರವನ್ನು ಕಾರ್ಮಿಕನು ಬಿಟ್ಟುಕೊಟ್ಟೆನೆಂದು ಬರೆದ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಈ ಎರಡನ್ನು ನೆನಪಿನಲ್ಲಿಡಿ.

1970ರ ದಶಕಕ್ಕೆ ಬರೋಣ. ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂಬ ಮಾತಾಡಿದರು. ನಾಡು ಹೊತ್ತಿ ಉರಿಯಿತು. ಅವರು ಮಂತ್ರಿಪದವಿ ಬಿಡಬೇಕಾಯಿತು. ನಾನಾಗ ಶಾಲೆಯ ಹುಡುಗ. ನಮ್ಮ ಕನ್ನಡ ಮೇಷ್ಟರು ಪಂಪನನ್ನು ಬೂಸಾ ಎಂದವನ ನಾಲಗೆಯ ಬಗೆಗೆ ಒಂದು ಇಡೀ ಪಿರಿಯಡ್ಡು ಮಾತಾಡಿದ್ದು ನೆನಪಿದೆ. ಮಲದ ಬುಟ್ಟಿಯ ಆಜ್ಞೆಯ ಬಗೆಗೆ ಅವರು ಮಾತಾಡಿದ್ದು ನೆನಪಿಲ್ಲ. ಮುಂದೆ ನಾನೂ ಕನ್ನಡ ಮೇಷ್ಟರಾದೆ. ಆ ಮಾತಿನ ಬಗೆಗೆ ಎಷ್ಟೋ ವಿಚಾರಗೋಷ್ಠಿಗಳಲ್ಲಿ ಕುಳಿತೆ, ಪ್ರಬಂಧ ಮಂಡಿಸಿದೆ. ಆ ಆಜ್ಞೆಯ ಬಗೆಗೆ ಒಂದು ಸಾಲನ್ನೂ ಬರೆಯಲಿಲ್ಲ. ಈ ತಪ್ಪು ನನ್ನೊಬ್ಬನದಲ್ಲ ಎಂದು ಹೇಳಿಕೊಳ್ಳಬಹುದು, ನನ್ನದಂತೂ ಹೌದು.

1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಸ್ಥಿತಿಗತಿಗಳ ವರದಿಯನ್ನು ಕೊಟ್ಟಿತು. ಐದು ನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕನಿರಬೇಕೆಂಬ ಅದರ ಲೆಕ್ಕ ಇಂದಿಗೂ ಚರ್ಚೆಗಳಲ್ಲಿ ಬರುತ್ತದೆ. ಸಂಖ್ಯೆಯ ಪ್ರಶ್ನೆ ಸುರಕ್ಷಿತತೆಯ ಪ್ರಶ್ನೆಯೂ ಹೌದು. ನಾಲ್ವರು ಮಾಡಬೇಕಾದ ಕೆಲಸಕ್ಕೆ ಇಬ್ಬರು ಹೋದರೆ, ಗುಂಡಿಯ ಮೇಲೆ ನಿಂತು ಹಗ್ಗ ಹಿಡಿಯುವವನೇ ಇರುವುದಿಲ್ಲ.

ಗುಂಡಿಯ ಒಳಗೆ ಏನಾಗುತ್ತದೆಂಬುದನ್ನು ಊರಿನ ಓದುಬರಹ ಬಲ್ಲವರೂ ಸಾಮಾನ್ಯವಾಗಿ ಅರಿಯರು. ಕೊಳಕಿನಲ್ಲಿ ಮುಳುಗಿ ಸಾಯುತ್ತಾರೆಂದು ತಿಳಿದಿರುತ್ತಾರೆ. ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯೇ ಉಡುಗಿ, ನಾತ ನಿಂತುಹೋದಂತೆ ಭಾಸವಾಗುತ್ತದೆ. ನಾತ ಹೋಯಿತು, ಗಾಳಿ ತಿಳಿಯಾಯಿತು ಎಂದು ಮನುಷ್ಯ ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ; ಅಲ್ಲಿ ಕೆಲವೇ ಉಸಿರಿಗೆ ಕುಸಿಯುತ್ತಾನೆ. ಮೇಲಿದ್ದವನು ಅವನನ್ನು ಎತ್ತಲು ಇಳಿಯುತ್ತಾನೆ. ಆದ್ದರಿಂದಲೇ ಈ ಸುದ್ದಿಗಳಲ್ಲಿ ಸಾವು ಎರಡು, ಮೂರು ಎಂದು ಜೋಡಿಯಾಗಿ ಬರುವುದು. ಎರಡನೆಯವನು ಸಾಯುವುದು ಅಜ್ಞಾನದಿಂದಲ್ಲ, ಗೆಳೆತನದಿಂದ.

ಮುಂದಿನ ಇತಿಹಾಸವನ್ನು ಬೇಗ ಹೇಳಿಬಿಡುತ್ತೇನೆ. ಮಲ ಹೊರಿಸುವುದನ್ನು ನಿಷೇಧಿಸಿದ ಕೇಂದ್ರದ ಕಾಯಿದೆ 1993ರಲ್ಲಿ ಆಯಿತು. 2013ರ ಕಾಯಿದೆ, ರಕ್ಷಣಾ ಸಾಧನಗಳಿಲ್ಲದೆ ಚರಂಡಿಗೂ ಗುಂಡಿಗೂ ಮನುಷ್ಯನನ್ನು ಇಳಿಸುವುದನ್ನೇ ಅಪರಾಧವೆಂದು ಸಾರಿ, ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು; 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದ ಈಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬನ ಮನೆಗೂ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಅದು ಹೇಳಿತು. 2023ರ ಅಕ್ಟೋಬರ್ 20ರಂದು ಅದೇ ನ್ಯಾಯಾಲಯ ಈ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯಕ್ಕೆ ಇಪ್ಪತ್ತು ಲಕ್ಷಕ್ಕೂ ಉಳಿದ ವೈಕಲ್ಯಕ್ಕೆ ಹತ್ತು ಲಕ್ಷಕ್ಕೂ ಕಡಮೆಯಾಗಬಾರದೆಂದಿತು. ಇನ್ನು 1923ರ ಕಾಯಿದೆ. 2009ರ ತಿದ್ದುಪಡಿಯಲ್ಲಿ ಅದರ ಹೆಸರಿನಲ್ಲಿದ್ದ 'ಕೆಲಸಗಾರ' ಹೋಗಿ 'ನೌಕರ' ಬಂದ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಾಗ, ನೂರು ವರ್ಷ ಬಾಳಿದ ಆ ಕಾಯಿದೆಯೇ ಹೋಗಿ, ಅದರ ವಿಷಯ ಸಂಹಿತೆಯ ಏಳನೆಯ ಅಧ್ಯಾಯವಾಯಿತು.

ಹೀಗೆ 200 ರೂಪಾಯಿಯಿಂದ ಮೂವತ್ತು ಲಕ್ಷದವರೆಗೆ. ಲೆಕ್ಕ ಬೆಳೆದಿದೆ, ನಿಜ. ಆದರೆ ಕನ್ನಡದಲ್ಲಿ ನಾವು ಇದಕ್ಕೆ ಬಳಸುವ 'ಪರಿಹಾರ' ಎಂಬ ಶಬ್ದ ನನ್ನನ್ನು ಕಾಡುತ್ತದೆ. ಪಾಪಪರಿಹಾರ, ದೋಷಪರಿಹಾರ, ಆಯಾಸಪರಿಹಾರ: ಇಲ್ಲೆಲ್ಲ ಪರಿಹಾರವೆಂದರೆ ಇಲ್ಲವಾಗಿಸುವುದು. ಪರಿಹಾರ ಕೊಟ್ಟೆವೆಂದಾಗ ನಾವು ಸತ್ತವನ ಮನೆಯ ಕಷ್ಟವನ್ನು ಕಳೆದೆವೆನ್ನುತ್ತೇವೋ, ನಮ್ಮ ದೋಷವನ್ನು ಕಳೆದುಕೊಂಡೆವೆನ್ನುತ್ತೇವೋ? 'ನೆತ್ತರುಗೊಡಗೆ'ಯಲ್ಲಿ ಈ ಜಾರುವಿಕೆ ಇರಲಿಲ್ಲ. ಅದರಲ್ಲಿ ನೆತ್ತರು ಹಾಗೆಯೇ ಉಳಿಯುತ್ತಿತ್ತು.

ಈಗ, ಸಾಹಿತ್ಯದವನಿಗೆ ಈ ಉಸಾಬರಿ ಏಕೆಂಬುದಕ್ಕೆ ಉತ್ತರ.

ನನ್ನ ತಂದೆ ಬಯಲುಸೀಮೆಯ ಒಂದು ಸಣ್ಣ ಪಟ್ಟಣದ ಪುರಸಭೆಯಲ್ಲಿ ಗುಮಾಸ್ತರಾಗಿದ್ದರು. ಊರಿನ ಹೆಸರು ಬೇಡ. 1975ರ ಬೇಸಗೆ, ನನಗೆ ಹದಿನಾಲ್ಕು ವರ್ಷ. ಬಸ್‌ಸ್ಟ್ಯಾಂಡಿನ ಸಾರ್ವಜನಿಕ ಕಕ್ಕಸಿನ ಗುಂಡಿ ತುಂಬಿತ್ತು. ದಿನಗೂಲಿಯ ಇಬ್ಬರು ಇಳಿದರು. ಹಗ್ಗವಿರಲಿಲ್ಲ. ಒಬ್ಬನನ್ನು ಅಂಗಡಿಯವರು ಬಿದಿರುಗಳ ಕೊಕ್ಕೆಯಿಂದ ಮೇಲೆಳೆದರು, ಬದುಕಿದ. ಮೊದಲು ಇಳಿದವನು ಸತ್ತ. ಆತನನ್ನು ನಾನು ಬಲ್ಲೆ. ದಿನವೂ ನಸುಕಿನಲ್ಲಿ ನಮ್ಮ ಬೀದಿಗೆ ಬರುತ್ತಿದ್ದವನೇ. ಅವನ ಮಗ ನನ್ನ ಶಾಲೆಯಲ್ಲಿ, ನನಗಿಂತ ಒಂದು ತರಗತಿ ಕೆಳಗೆ ಓದುತ್ತಿದ್ದ.

ನಾಲ್ಕು ದಿನ ಕಳೆದ ಮೇಲೆ, ಸಂಜೆ, ತಂದೆ ನನ್ನನ್ನು ಕರೆದು ಜಗುಲಿಯಲ್ಲಿ ಕೂರಿಸಿದರು. ನನ್ನ ಅಕ್ಷರ ಮುತ್ತಿನಂತಿದೆಯೆಂದು ಊರಿನಲ್ಲಿ ಹೆಸರಾಗಿತ್ತು. ಆಫೀಸಿನ ಬರವಣಿಗೆಯನ್ನು ಅವರು ಆಗಾಗ ನನ್ನಿಂದ ಮಾಡಿಸುತ್ತಿದ್ದರು. ಅಂದು ಅವರು ಹೇಳಿದಂತೆ ಬರೆದೆ. ನನ್ನ ಗಂಡನು ತನ್ನ ಅಜಾಗರೂಕತೆಯಿಂದ ಮೃತನಾಗಿರುತ್ತಾನೆ; ಪುರಸಭೆಯವರು ಕೃಪೆಮಾಡಿ ಕೊಟ್ಟ ಐದು ನೂರು ರೂಪಾಯಿಗಳನ್ನು ಸಂತೋಷದಿಂದ ಸ್ವೀಕರಿಸಿರುತ್ತೇನೆ; ಮುಂದೆ ಈ ಬಗ್ಗೆ ನನ್ನದಾಗಲಿ ನನ್ನ ಮಕ್ಕಳದಾಗಲಿ ಯಾವ ತಂಟೆ ತಕರಾರೂ ಇರುವುದಿಲ್ಲ. ತಂದೆ 'ದಯೆಯಿಂದ' ಎಂದಿದ್ದರು. 'ಕೃಪೆಮಾಡಿ' ಎಂಬುದು ನಾನು ಸೂಚಿಸಿದ ತಿದ್ದುಪಡಿ. ಅದು ಹೆಚ್ಚು ಗಂಭೀರವಾಗಿದೆಯೆಂದು ನನಗೆ ಅನ್ನಿಸಿತ್ತು. ತಂದೆಯೂ ಮೆಚ್ಚಿ ತಲೆದೂಗಿದರು. ಮರುದಿನ ಆ ಹೆಂಗಸು ಅದಕ್ಕೆ ಹೆಬ್ಬೆಟ್ಟು ಒತ್ತಿದಳು.

ಬಹಳ ವರ್ಷಗಳ ಮೇಲೆ, ಅನುವಾದದ ಕೆಲಸವೊಂದಕ್ಕೆ ಈ ಕಾಯಿದೆಯನ್ನು ಮೊದಲ ಬಾರಿಗೆ ಪೂರ್ತಿ ಓದಿದಾಗ, ಎಂಟನೆಯ ಮತ್ತು ಹದಿನೇಳನೆಯ ಪ್ರಕರಣಗಳ ಮುಂದೆ ನನ್ನ ಪೆನ್ನು ನಿಂತಿತು. ಕಾಯಿದೆ ಆ ಮನುಷ್ಯನಿಗೆ ಅನ್ವಯಿಸುತ್ತಿದ್ದರೆ, ನನ್ನ ಮುತ್ತಿನಂಥ ಅಕ್ಷರಕ್ಕೆ ಕವಡೆಯ ಬೆಲೆಯೂ ಇರಲಿಲ್ಲ. ಆ ಐದು ನೂರು ಪರಿಹಾರವೂ ಆಗಿರಲಿಲ್ಲ. ಅನ್ವಯಿಸುತ್ತಿತ್ತೆ? ಗುಂಡಿಯನ್ನು ಚರಂಡಿಯೆನ್ನಬಹುದೆ ಎಂಬ ವಾದಕ್ಕೆ ಅಂದಿನ ಪಟ್ಟಿಯಲ್ಲಿ ಎಡೆಯಿತ್ತು. ದಿನಗೂಲಿಯವನೆಂಬ ಆಕ್ಷೇಪಣೆಗೆ, ಪುರಸಭೆಯ ಕರ್ತವ್ಯವೇ ಅದರ ವ್ಯಾಪಾರವೆಂಬ ಉತ್ತರ ಸಿದ್ಧವಾಗಿತ್ತು. ಆದರೆ ಆ ವಾದ ನಡೆಯಬೇಕಾದದ್ದು ಕಮಿಷನರ ಮುಂದೆ. ಅಲ್ಲಿಗೆ ಅದು ಹೋಗದಂತೆ ತಡೆದದ್ದು ಒಂದು ಹಾಳೆ.

ತಂದೆ ಆಗ ಬದುಕಿದ್ದರು, ಕಣ್ಣು ಮಂಜಾಗಿತ್ತು. ಕೇಳಿದೆ. ಅವರಿಗೆ ಕಾಯಿದೆ ಗೊತ್ತಿರಲಿಲ್ಲವೆಂದು ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ, ಐದು ನೂರು ಮಂಜೂರು ಮಾಡಿಸುವುದಕ್ಕೇ ತಾವು ಮೂರು ಸಲ ಮೇಲಿನವರ ಕೊಠಡಿಗೆ ಹೋಗಬೇಕಾಯಿತೆಂದೂ, ಇನ್ನೂರು ಸಾಕೆಂದು ಅವರು ಹೇಳಿದ್ದರೆಂದೂ ಹೇಳಿದರು. ಎರಡೂ ನಿಜವಿರಬೇಕು. ನಾನು ಮತ್ತೆ ಕೇಳಲಿಲ್ಲ.

ಹಣದ ಜೊತೆಗೆ ಪುರಸಭೆಯವರು ಇನ್ನೊಂದನ್ನೂ ಕೊಟ್ಟಿದ್ದರು. ಅನುಕಂಪದ ಮೇಲೆ, ಸತ್ತವನ ಜಾಗದಲ್ಲಿ ಅವನ ಮಗನನ್ನು ದಿನಗೂಲಿಗೆ ತೆಗೆದುಕೊಂಡರು. ವಯಸ್ಸನ್ನು ಹದಿನೆಂಟೆಂದು ಬರೆದುಕೊಂಡರು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವನು ಬರಲಿಲ್ಲ. ಒಂದು ಬೆಳಗ್ಗೆ, ನಾನು ಜಗುಲಿಯ ಮೇಲೆ ಕುಳಿತು ಹಳಗನ್ನಡದ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದಾಗ, ಅಪ್ಪನ ಉದ್ದನೆಯ ಪೊರಕೆ ಹಿಡಿದು ಬೀದಿಯ ತುದಿಯಿಂದ ಗುಡಿಸುತ್ತ ಬಂದ. ನಮ್ಮ ಮನೆಯ ಮುಂದೆ ನಿಂತ. ಅಮ್ಮ ಒಳಗಿನಿಂದ ಕಾಫಿ ಕಳಿಸಿದಳು. ಕಿಟಕಿಯ ಹೊರಗೂಡಿನಲ್ಲಿ ಅವನ ತಂದೆಗಾಗಿ ಇಟ್ಟಿದ್ದ ನೆಗ್ಗಿದ ಲೋಟ ಹಾಗೆಯೇ ಇತ್ತು. ಅದರೊಳಕ್ಕೆ, ತಾಗದಂತೆ ಎತ್ತರದಿಂದ, ನಾನು ಕಾಫಿ ಹೊಯ್ದೆ. ಅವನು ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿ, ಇದು ಎಷ್ಟನೆಯ ಪಾಠವೆಂದು ಕೇಳಿದ.